ಎರಡು ಗಿಡ್ಡ, ಒಂದು ಉದ್ದ

ನಾಲ್ಕನೇ ನಿಯಮ ಬರೆದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನ್ನ ಬೆನ್ನ ಹಿಂದೆ ಯಾರೂ ಆಡಿಕೊಳ್ಳುವುದು ಬೇಡ.

ನಮ್ಮ ಕಟ್ಟೆ ಶುರುವಾಗಿದ್ದು ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ. ಕಟ್ಟೆ ಎಂದರೆ ಕಲ್ಲಿನದಲ್ಲ, ಕಂಪ್ಯೂಟರಿನೊಳಗಿನದು. ಪೆಜೊ ಐನೂರನಾಲ್ಕು ಎಂಬ ಹಳೇ ಕಾರಿನ ಹುಚ್ಚು ಹತ್ತಿದವರೆಲ್ಲ ಅಲ್ಲಿ ಸೇರಿ ಹರಟುತ್ತಿದ್ದೆವು. ಬ್ಯೂನಸ್ ಐರಿಸಿನ ದಕ್ಷಿಣಕ್ಕೆ ಟೆಂಪರ್ಲಿಯಲ್ಲಿ ನನ್ನದೊಂದು ಕುಶನ್ ಅಂಗಡಿ. ಕಾರಿನ ಸೀಟು ಹೊಲಿಯುವುದು ನನ್ನ ಕೆಲಸ. ಹೆಸರು ಎಲ್ಬಾ. ಆದರೆ ಕಟ್ಟೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು 'ಸೂಜಿ' ಎಂದು. ಹೊಲಿಯುತ್ತೇನೆ ಅಂತಲೂ ಹೌದು, ಚುಚ್ಚುತ್ತೇನೆ ಅಂತಲೂ ಹೌದು. ಇಪ್ಪತ್ತು ವರ್ಷದಲ್ಲಿ ಒಬ್ಬರ ಜೊತೆಗೂ ನಯವಾಗಿ ಮಾತಾಡಿದವಳಲ್ಲ ನಾನು, ಆದರೆ ಒಬ್ಬರಿಗೂ ಸುಳ್ಳು ಹೇಳಿದವಳೂ ಅಲ್ಲ. 'ಸೂಜಿ ಹೇಳಿದಳಾ? ಹಾಗಾದರೆ ಸರಿ' ಎಂದು ಜನ ವಾದ ನಿಲ್ಲಿಸುತ್ತಿದ್ದರು. ಆ ಮಾತು ಕೇಳಿದಾಗ ನನಗಾಗುತ್ತಿದ್ದ ಖುಷಿ ಮದುವೆ ದಿನವೂ ಆಗಿರಲಿಲ್ಲ.

ಆಗೆಲ್ಲ ಕೆಲವರು ಯಾರದೋ ಕಾರಿನ ಫೋಟೊ ಹಾಕಿ ತಮ್ಮದೆಂದು ಜಂಬ ಕೊಚ್ಚುತ್ತಿದ್ದರು. ಅವರ ಕಾಟ ತಡೆಯಲಾರದೆ ನಾನು ನಾಲ್ಕನೇ ನಿಯಮ ಬರೆದೆ: ಹೊಸದಾಗಿ ಸೇರುವವರು ತಮ್ಮ ಕಾರನ್ನು ತಮ್ಮ ಮನೆಯ ಮುಂದೆ ನಿಲ್ಲಿಸಿ, ನಂಬರ್ ಪ್ಲೇಟು ಕಾಣುವ ಹಾಗೆ ಫೋಟೊ ಹಾಕತಕ್ಕದ್ದು. ಪ್ಲೇಟಿಗೆ ಬಟ್ಟೆ ಮುಚ್ಚಿದವರನ್ನು 'ಏನಪ್ಪಾ, ಕದ್ದ ಮಾಲಾ?' ಎಂದು ಎಲ್ಲರೂ ಸೇರಿ ಅಟ್ಟಿಬಿಡುತ್ತಿದ್ದೆವು. ಹೀಗೆ ಮೂರು ಸಾವಿರದ ಚಿಲ್ಲರೆ ಕಾರುಗಳು, ಮೂರು ಸಾವಿರದ ಚಿಲ್ಲರೆ ಗೇಟುಗಳು ಒಂದೇ ಕಡೆ ಜಮೆಯಾದವು.

ಇನ್ನೊಂದು ಪದ್ಧತಿಯಿತ್ತು. ರಸ್ತೆಯಲ್ಲಿ ನಮ್ಮವರ ಪ್ಲೇಟು ಕಂಡರೆ ಹಾರ್ನ್ ಹೊಡೆಯಬೇಕು: ಎರಡು ಗಿಡ್ಡ, ಒಂದು ಉದ್ದ. ಕೇಳಿದವರು ಕೈ ಎತ್ತಬೇಕು. ಇದನ್ನು ಮಾತ್ರ ನಾವು ಎಲ್ಲೂ ಬರೆಯಲಿಲ್ಲ. ಹೊಸಬರು ಕೂಟಕ್ಕೆ ಬಂದು, ಕೆಂಡದ ಮೇಲೆ ಸುಟ್ಟ ಮಾಂಸವನ್ನು ನಮ್ಮ ಜೊತೆ ಕೂತು ತಿಂದು, ಕೈ ತೊಳೆದ ಮೇಲೆ ಯಾರಾದರೊಬ್ಬರು ಅವರ ಕಿವಿಯಲ್ಲಿ ಹೇಳುತ್ತಿದ್ದರು. ನಮ್ಮ ಅನ್ನ ತಿಂದವರಿಗೆ ಮಾತ್ರ ಗೊತ್ತಿದ್ದ ಹಾರ್ನ್ ಅದು. ನೂರು ಗಾಡಿಗಳ ಗದ್ದಲದಲ್ಲಿ ಅದು ಕೇಳಿದರೂ ನನ್ನ ಕೈ ತಾನಾಗಿ ಏಳುತ್ತಿತ್ತು.

ಇನ್ನು ಕಳ್ಳ ಸ್ವಿಚ್ಚಿನ ವಿಷಯ. ನಮ್ಮ ಕಡೆ ಹಳೇ ಕಾರಿಗೆ ಕಳ್ಳ ಸ್ವಿಚ್ಚು ಇಲ್ಲದಿದ್ದರೆ ಅದು ಬೆಳಗಾಗುವುದರೊಳಗೆ ಮಾಯ. ಆ ಗುಂಡಿ ಒತ್ತದೆ ಕೀಲಿ ಎಷ್ಟು ತಿರುಗಿಸಿದರೂ ಎಂಜಿನ್ ಗರಗರ ಅನ್ನುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಎಲ್ಲರೂ ಅದನ್ನು ಸ್ಟಿಯರಿಂಗ್ ಕೆಳಗೋ ಕಾರ್ಪೆಟ್ ಅಡಿಯಲ್ಲೋ ಇಡುತ್ತಿದ್ದರು. ನಾನು ಚಾಲಕನ ಸೀಟಿನ ಎಡಗಡೆಯ ಹೊಲಿಗೆಯೊಳಗೆ, ಅಂಚಿಗೆ ಹಗ್ಗದಂತೆ ಉಬ್ಬಾಗಿ ಹೊಲಿಯುವ ಪೈಪಿಂಗಿನಲ್ಲಿ ಇಟ್ಟು ಹೊಲಿದೆ. ಬೆರಳಿಗೆ ಅವರೆಕಾಳಿನಷ್ಟು ಉಬ್ಬು ಸಿಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅದನ್ನು ಮಾಡಿ ಸುಮ್ಮನಿದ್ದೆನೇ? ಇಪ್ಪತ್ತೆರಡು ಫೋಟೊಗಳ ಜೊತೆ, ಎಲ್ಲಿ, ಹೇಗೆ, ಯಾವ ದಾರ ಎಂದು ಸಾಲುಸಾಲಾಗಿ ಬರೆದು ಕಟ್ಟೆಯಲ್ಲಿ ಹಾಕಿದೆ. ಕಳ್ಳನಿಗೆ ಗೊತ್ತಾಗಬಾರದ್ದನ್ನು ಹಬ್ಬದೂಟದ ಹಾಗೆ ಹಂಚಿಕೊಂಡ ಪೆದ್ದರು ಪ್ರಪಂಚದಲ್ಲಿ ನಾವೇ ಇರಬೇಕು. ಆದರೆ ಆಗ ಅದು ಪೆದ್ದತನ ಅನ್ನಿಸಲಿಲ್ಲ. ಕಟ್ಟೆಯ ಬಾಗಿಲು ಹಾಕಿತ್ತು, ಒಳಗಿದ್ದವರೆಲ್ಲ ನಮ್ಮವರಾಗಿದ್ದರು. ಒಟ್ಟು ನಲವತ್ತು ಕಾರುಗಳಿಗೆ ನನ್ನ ಕೈಯಾರೆ ಆ ಹೊಲಿಗೆ ಹಾಕಿಕೊಟ್ಟೆ. ಮೊದಲನೆಯದು ನನ್ನ ಸ್ವಂತ ಕಾರು, ಬೆಣ್ಣೆ ಬಣ್ಣದ ಎಂಬತ್ತೊಂದನೇ ಇಸವಿಯ ಗಾಡಿ. ಅದನ್ನೀಗ ನನ್ನ ಮಗಳು ಯಾನಿನಾ ಓಡಿಸುತ್ತಾಳೆ, ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮೊಮ್ಮಗಳು ಪಿಲಾರಳನ್ನು ಕೂರಿಸಿಕೊಂಡು.

ಕಟ್ಟೆಗೆ ವಯಸ್ಸಾಯಿತು. ಜನ ಫೋನಿಗೆ ಹೋದರು. ನಾನು ಸಂಬಾಳಿಸಲಾರದೆ ಕೈಚೆಲ್ಲಿದಾಗ ಉಲಿಸೆಸ್ ಎಂಬ ಹುಡುಗ ಎಲ್ಲವನ್ನೂ ವಹಿಸಿಕೊಂಡ. ಹುಡುಗ ಎಂದರೆ ಮೂವತ್ತು ದಾಟಿದವನು, ಹಲ್ಲಿನ ಡಾಕ್ಟರ ಹತ್ತಿರ ಹಲ್ಲುಸೆಟ್ಟು ಮಾಡುತ್ತಾನೆ, ಒಳ್ಳೆಯವನೇ. ಹಳೇ ಕಟ್ಟೆ ಮುಚ್ಚಿಹೋಗುವ ಮೊದಲು ಅದರಲ್ಲಿದ್ದದ್ದನ್ನೆಲ್ಲ ಬಾಚಿ, ಹೊಸ ಪುಟವೊಂದಕ್ಕೆ ಸುರಿದ. ಯಾರು ಬೇಕಾದರೂ ನೋಡುವ ಪುಟ. ಮೇಲಿಂದ ಒಂದು ನಕ್ಷೆ ಬೇರೆ, ಯಾವ ಊರಲ್ಲಿ ಯಾವ ಕಾರು ಎಂದು ಚುಕ್ಕಿ ಇಟ್ಟು! 'ಇಪ್ಪತ್ತು ವರ್ಷದ ನೆನಪು ಉಳಿಸಿದೀನಿ ಚಿಕ್ಕಮ್ಮ' ಎಂದು ಅವನು ಹೇಳಿದಾಗ ನಾನೂ ಕಣ್ಣೊರೆಸಿಕೊಂಡು ಅವನ ಕೆನ್ನೆಗೆ ಮುತ್ತು ಕೊಟ್ಟಿದ್ದೆ.

ಆದರೆ ಅಲ್ಲಿಯ ಮಾತುಕತೆಯೇ ಬೇರೆ. ಮೊದಲು ಯಾರಾದರೂ 'ಎಂಜಿನ್ ಕಾಯುತ್ತಿದೆ, ಏನು ಮಾಡಲಿ' ಎಂದರೆ ಹದಿನಾಲ್ಕು ಜನ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದರು. ಒಬ್ಬ ಕಾರ್ದೋಬಾದಿಂದ ಬಸ್ಸಿನಲ್ಲಿ ವಾಟರ್ ಪಂಪನ್ನೇ ಕಳಿಸಿದ್ದುಂಟು. ಈಗ ಕೇಳಿದರೆ ನಗುವ ಮುಖಗಳ ಸಾಲು. 'ಗುಜರಿಗೆ ಹಾಕು ತಾತ' ಎಂಬ ಉತ್ತರ. ಹೆಸರೇ ಇಲ್ಲದವರು, ಮುಖವೇ ಇಲ್ಲದವರು ಬಂದು ಎಲ್ಲದರ ಕೆಳಗೂ 'ಎಷ್ಟಕ್ಕೆ ಕೊಡ್ತೀಯ' ಎಂದು ಬರೆದು ಹೋಗುವರು. ಉಲಿಸೆಸ್ ನನ್ನ ಅಂಗಡಿಗೆ ಬಂದು ಆ ಹೊಲಿಗೆಯ ವಿಡಿಯೊ ಮಾಡಿಕೊಂಡ. 'ಅಜ್ಜಿಯ ಗುಟ್ಟು' ಎಂದು ಹೆಸರಿಟ್ಟು, ಹಿಂದೆ ಕುಣಿಯುವ ಸಂಗೀತ ಹಾಕಿ ಬಿಟ್ಟ. ಒಂಬತ್ತು ಲಕ್ಷ ಜನ ನೋಡಿದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ? ಮಾಂಸದಂಗಡಿಯವನು 'ಏನ್ ವಿಡಿಯೊ ಅಜ್ಜಿ!' ಎಂದು ಕೂಗಿದಾಗ ಸೆರಗಿದ್ದರೆ ಸರಿಮಾಡಿಕೊಳ್ಳುತ್ತಿದ್ದೆನೋ ಏನೋ.

ಮಾರ್ಚ್ ತಿಂಗಳ ಒಂದು ಮಂಗಳವಾರ ಡುಮ್ಮನ ಫೋನು ಬಂತು. ಡುಮ್ಮ ಎಂದರೆ ಆನ್ಸೆಲ್ಮೊ, ಕಟ್ಟೆಯ ಮೊದಲ ದಿನದ ಗೆಳೆಯ. ಸಕ್ಕರೆ ಕಾಯಿಲೆ ಬಂದು ಕಡ್ಡಿಯಾಗಿದ್ದಾನೆ, ಹೆಸರು ಮಾತ್ರ ಕರಗಿಲ್ಲ.

"ಸೂಜಿ, ನನ್ ಕಾರು ಹೋಯ್ತು ಕಣೆ."

"ಎಲ್ಲಿಗೆ?"

"ಎಲ್ಲಿಗಾ? ಕದ್ಕೊಂಡ್ ಹೋದ್ರು! ಔಷಧಿ ಅಂಗಡಿ ಮುಂದೆ ನಿಲ್ಸಿದ್ದೆ. ಅಂಗಡಿಯವನ ಕ್ಯಾಮೆರಾದಲ್ಲಿ ನೋಡ್ದೆ. ಹನ್ನೊಂದು ಸೆಕೆಂಡು. ಹುಡುಕ್ಲೇ ಇಲ್ಲ ಮಾರಾಯ್ತಿ! ಕೂತ, ಎಡಗೈ ಕೆಳಗೆ ಬಿಟ್ಟ, ಸೀದಾ ನಿನ್ ಹೊಲಿಗೆ ಒತ್ತಿದ, ಹೊರಟ."

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಅದೇ ವಾರ ಇನ್ನೂ ಎರಡು ಹೋದವು, ಎರಡೂ ನನ್ನ ಹೊಲಿಗೆಯವು. ಎರಡನೆಯ ಕಾರಿನ ಯಜಮಾನ ಅಡ್ಡ ಹೋದದ್ದಕ್ಕೆ ಪಿಸ್ತೂಲಿನ ಹಿಡಿಯಿಂದ ಹೊಡೆದು ಅವನ ದವಡೆ ಮುರಿದಿದ್ದರು. ಆಸ್ಪತ್ರೆಯಲ್ಲಿ ಅವನನ್ನು ನೋಡಿ ಬಂದೆ. ಬಾಯಿಗೆ ತಂತಿ ಕಟ್ಟಿದ್ದರಿಂದ ಅವನು ಬಯ್ಯಲಿಲ್ಲ, ಬರೀ ನೋಡಿದ. ಅವತ್ತಿನಿಂದ ಯಾನಿನಾ ಸೇರುವಾಗ ಹಾಕಿದ್ದ ಫೋಟೊ ಕಣ್ಣ ಮುಂದಿಂದ ಹೋಗಲಿಲ್ಲ: ಬೆಣ್ಣೆ ಬಣ್ಣದ ಕಾರು, ಫಳಫಳ ಪ್ಲೇಟು, ಹಸಿರು ಗೇಟು, ಬಾನೆಟ್ ಮೇಲೆ ಕೂತು ನಗುವ ಪಿಲಾರ್. ಹಾಕುವುದಿಲ್ಲ ಎಂದು ಅವಳು ಹಟ ಹಿಡಿದಾಗ 'ನನ್ ಮಗಳಾಗಿ ನಾಲ್ಕನೇ ನಿಯಮ ಮುರೀತೀಯಾ?' ಎಂದು ಬೈದು ಹಾಕಿಸಿದವಳು ನಾನು.

ಉಲಿಸೆಸನನ್ನು ಅಂಗಡಿಗೆ ಕರೆಸಿ ಜಾಡಿಸಿದೆ.

"ತೆಗೆಯೋ ಅದನ್ನ! ವಿಡಿಯೊ, ಫೋಟೊ, ನಕ್ಷೆ, ಎಲ್ಲಾ ತೆಗೆ. ಈಗಲೇ!"

"ತೆಗ್ದಾಯ್ತು ಚಿಕ್ಕಮ್ಮ, ನಿನ್ನೇನೇ ತೆಗ್ದೆ." ಅವನ ಮುಖ ಸುಣ್ಣದಂತಾಗಿತ್ತು. "ಆದ್ರೆ ಜನ ಇಳಿಸ್ಕೊಂಡು ಇಟ್ಕೊಂಡಿದಾರೆ. ಬೇರೆ ಬೇರೆ ಕಡೆ ಹಾಕಿದಾರೆ. ನನ್ನ ಕೈಲಿಲ್ಲ ಅದು."

"ಯಾರ ಕೈಲಿದೆ ಹಾಗಾದ್ರೆ?"

"ಯಾರ ಕೈಲೂ ಇಲ್ಲ."

"ಥೂ ನಿನ್ನ! ಮನೆ ಬಾಗಿಲು ಕಿತ್ತು ಹಾಕಿ, ಗಾಳಿ ಬರ್ಲಿ ಅಂತ ಮಾಡ್ದೆ ಅಂತೀಯಲ್ಲೋ!"

"ಬಾಗಿಲು ತೆಗ್ದಿದ್ದು ನಾನು, ಒಪ್ಕೋತೀನಿ," ಎಂದ ಅವನು, ನಾನು ಸೋರೆಬುರುಡೆಯಲ್ಲಿ ಕೊಟ್ಟಿದ್ದ ಕಹಿ ಚಹಾವನ್ನು ಹೀರದೆ ಹಾಗೇ ವಾಪಸು ಕೊಡುತ್ತ. "ಒಳಗೆ ಎಲ್ಲಾರ ಮನೆ ಗೇಟು ಜೋಡಿಸಿಟ್ಟಿದ್ದು ಯಾರು ಚಿಕ್ಕಮ್ಮ?"

ಸೂಜಿಗೇ ಚುಚ್ಚಿದ ಹುಡುಗ.

ಆಮೇಲೆ ಬುದ್ಧಿ ಓಡಿಸಿದವಳು ನಾನೇ. 'ಇನ್ನೊಂದು ವಿಡಿಯೊ ಮಾಡು' ಎಂದೆ. ಹಳೇ ಸೀಟಿನ ಮುಂದೆ ನಿಂತು, ಕನ್ನಡಕ ಏರಿಸಿ, ಕಣ್ಣು ಮಿಟುಕಿಸದೆ ಹೇಳಿದೆ: ಹೊಲಿಗೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಹಾಕಿದ್ದೇನೆ, ಉಳಿದ ಅಷ್ಟೂ ಕಾರುಗಳಲ್ಲಿ ಅದೀಗ ಆಷ್‌ಟ್ರೇಯ ಮುಚ್ಚಳದ ಒಳಗಿದೆ, ನಮ್ಮವರು ಹಾಗೇ ಒತ್ತಿಕೊಳ್ಳಿ. ಇಪ್ಪತ್ತು ವರ್ಷದಲ್ಲಿ ನಾನಾಡಿದ ಮೊದಲ ಸುಳ್ಳು. ಎರಡು ದಿನದಲ್ಲಿ ಮೂರು ಲಕ್ಷ ಜನ ನೋಡಿದರು. ಕಳ್ಳನು ಆಷ್‌ಟ್ರೇ ಒತ್ತಿ ಒತ್ತಿ ಬೆರಳು ಸವೆಸಿಕೊಳ್ಳಲಿ, ಅಷ್ಟರಲ್ಲಿ ನಾನು ಒಂದೊಂದೇ ಕಾರು ಕರೆಸಿ ನಿಜವಾಗಿಯೂ ಬೇರೆ ಬೇರೆ ಜಾಗಕ್ಕೆ ಸ್ವಿಚ್ಚು ಬದಲಿಸುತ್ತೇನೆ ಎಂಬುದು ನನ್ನ ಲೆಕ್ಕಾಚಾರ. ಯಾರದ್ದು ಎಲ್ಲಿ ಎಂದು ಈ ಸಲ ಎಲ್ಲೂ ಬರೆಯಲಿಲ್ಲ.

ದಿನಕ್ಕೊಂದು, ಕೆಲವೊಮ್ಮೆ ಎರಡು. ದೂರದೂರದಿಂದ ಜನ ಹೆದರಿಕೊಂಡು ಬರುತ್ತಿದ್ದರು, ಅವರಿಗೆ ಹೇಗೆ 'ನಾಳೆ ಬನ್ನಿ' ಎನ್ನಲಿ? ಯಾನಿನಾಳ ಕಾರು ಹಿಂದೆ ಬಿತ್ತು. ಪಕ್ಕದ ಬೀದಿಯಲ್ಲೇ ಇದೆಯಲ್ಲ, ಯಾವಾಗಲಾದರೂ ಮಾಡಿದರಾಯಿತು ಎಂದು ಇವತ್ತು ನಾಳೆ ಎಂದು ತಳ್ಳಿದೆ.

"ಅಲ್ಲಿವರೆಗೆ ಕಾರು ಹೊರಗೆ ತೆಗೀಬೇಡ ಕಣೆ," ಎಂದು ದಿನಾ ಫೋನಿನಲ್ಲಿ ಗೋಗರೆದೆ.

"ಅಮ್ಮಾ, ಪಿಲಾರ್‌ನ ಶಾಲೆಗೆ ಹೆಗಲ ಮೇಲೆ ಹೊತ್ಕೊಂಡ್ ಹೋಗ್ಲಾ? ಬಸ್ಸಿಗೆ ಕಾದ್ರೆ ಅವಳು ಕಾಲೇಜ್ ಸೇರ್ತಾಳೆ ಅಷ್ಟೊತ್ತಿಗೆ."

"ತಮಾಷೆ ಅಲ್ಲ ಯಾನಿ. ನಂಗೆ ಭಯ ಆಗ್ತಿದೆ."

"ನಿಂಗಾ? ಭಯಾನಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಸೋಮವಾರ ಖಂಡಿತ ತರ್ತೀನಿ ಆಯ್ತಾ? ಭಾನುವಾರ ನಿನ್ ಜೊತೇಲೇ ಇರ್ತೀನಿ, ಸೋಮವಾರ ಬೆಳಿಗ್ಗೆ ಗಾಡಿ ನಿನ್ ಅಂಗಡೀಲಿ."

ಆ ವಾರವೆಲ್ಲ ಬೈಕಿನ ಸದ್ದು ಕೇಳಿದರೆ ನನ್ನ ಬೆನ್ನು ಸೆಟೆಯುತ್ತಿತ್ತು. ನಮ್ಮ ಕಡೆ ಕಾರು ಕಸಿಯುವವರು ಬರುವುದೇ ಒಂದು ಬೈಕಿನ ಮೇಲೆ ಇಬ್ಬರಾಗಿ. ಅಂಗಡಿಯ ಮುಂದೆ ಯಾರಾದರೂ ಫೋನು ಹಿಡಿದು ನಿಂತರೆ ಷಟರ್ ಅರ್ಧ ಎಳೆಯುತ್ತಿದ್ದೆ. ಹೊಸಬರು ಬಂದು 'ಸೀಟು ಹೊಲೀಬೇಕು' ಎಂದರೆ ಮುಖವನ್ನೇ ದಿಟ್ಟಿಸುತ್ತಿದ್ದೆ, ಅವರು ಗಾಬರಿಯಾಗಿ ಹೋಗುತ್ತಿದ್ದರು. ಇಷ್ಟು ವರ್ಷ ಯಾರು ಬಂದರೂ ನಮ್ಮವರೇ ಎಂದುಕೊಂಡವಳಿಗೆ ಈಗ ಯಾರು ಬಂದರೂ ಅವನೇ ಇರಬಹುದೇ ಎಂಬ ಅನುಮಾನ.

ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಯಾನಿನಾ ಬಂದಳು. ಭಾನುವಾರ ಮಧ್ಯಾಹ್ನ ಹೂರಣ ತುಂಬಿದ ಪುಟ್ಟ ಕಡುಬಿನಂಥ ರವಿಯೋಲಿ ಇಲ್ಲದೆ ನಮ್ಮಲ್ಲಿ ಊಟವಿಲ್ಲ. ನಡೆದುಕೊಂಡೇ ಹೋಗಿ ತರೋಣ ಎಂದೆ. 'ಆರು ಬೀದಿ ಅಮ್ಮಾ, ನಿನ್ ಮಂಡಿ ನೋವಿಗೆ?' ಎಂದು ಕಾರಿನಲ್ಲೇ ಹೊರಡಿಸಿದಳು. ಹಗಲು, ಬಿಸಿಲು, ಬೀದಿ ತುಂಬ ಜನ. ನನಗೂ ಆ ಬಿಸಿಲು ನೋಡಿ ಧೈರ್ಯ ಬಂತು, ಅದೇ ತಪ್ಪಾಯಿತು.

ಅಂಗಡಿಯೊಳಗೆ ಸರದಿಯಲ್ಲಿ ನಿಂತು, ದಾರ ಕಟ್ಟಿದ ರವಿಯೋಲಿಯ ಡಬ್ಬಿ ಹಿಡಿದು ಹೊರಬಂದೆ. ನನ್ನ ಕಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಕೀಲಿ ಹಾಕಿಯೇ ತೆರೆಯಬೇಕು, ಹಳೇ ರೋಗ. ಯಾನಿನಾ ಎಂಜಿನ್ ಆರಿಸಿ, ಕೀಲಿ ಹಿಡಿದು ಇಳಿದು ಬಂದು, ಹೊರಗಿನಿಂದ ತೆರೆಯುತ್ತಿದ್ದಳು. ಪಿಲಾರ್ ಹಿಂದೆ ತನ್ನ ಮಕ್ಕಳ ಸೀಟಿನಲ್ಲಿ ಬೆಲ್ಟು ಬಿಗಿದು ಕೂತು ಏನೋ ಹಾಡುತ್ತಿದ್ದಳು.

ಬೈಕು ಬಂದದ್ದು ನನಗೆ ಕೇಳಲೇ ಇಲ್ಲ. ವಾರವೆಲ್ಲ ಕಿವಿಗೊಟ್ಟವಳಿಗೆ ಆ ಒಂದು ಸಲ ಕೇಳಲಿಲ್ಲ.

"ಕೀಲಿ! ಕೀಲಿ ಕೊಡೇ!" ಎಂದು ಒಬ್ಬ ಹುಡುಗ ಯಾನಿನಾಳ ಮುಖಕ್ಕೆ ಪಿಸ್ತೂಲು ಹಿಡಿದ. ಇನ್ನೊಬ್ಬ, ದಪ್ಪಗಿನವನು, ಹೆಲ್ಮೆಟ್ ಹಾಕಿದ್ದವನು, ಅವಳ ಕೈಯಿಂದ ಕೀಲಿ ಕಿತ್ತುಕೊಂಡು ಚಾಲಕನ ಸೀಟಿನಲ್ಲಿ ಕೂತ. ಅವಸರವೇನೂ ಇರಲಿಲ್ಲ ಅವನಿಗೆ.

"ಮಗು! ಒಳಗೆ ಮಗು ಇದೆ!" ಯಾನಿನಾ ಕಿರುಚುತ್ತ ಹಿಂದಿನ ಬಾಗಿಲಿಗೆ ಬಿದ್ದಳು.

ಹೆಲ್ಮೆಟ್‌ನವನು ಕೀಲಿ ತಿರುಗಿಸಿದ. ಬಲಗೈ ಆಷ್‌ಟ್ರೇಯ ಮುಚ್ಚಳ ಒತ್ತುತ್ತಿತ್ತು. ಗರಗರ, ಗರಗರ, ಅಷ್ಟೇ. ಮತ್ತೆ ಒತ್ತಿದ, ಮತ್ತೆ ಗರಗರ. ಯಾನಿನಾ ಮಗುವಿನ ಬೆಲ್ಟಿನ ಜೊತೆ ಗುದ್ದಾಡುತ್ತಿದ್ದಳು. ಪಿಲಾರ್ ಬಿಚ್ಚಿಕೊಳ್ಳದಿರಲಿ ಎಂದು ಆ ಬಕಲಿನ ಮೇಲೆ ನಾನೇ ಒಂದು ಬಟ್ಟೆ ಹೊಲಿದಿದ್ದೆ, ದಪ್ಪ ದಾರದಲ್ಲಿ, ಎರಡು ಸುತ್ತು. ಹಾಳಾದ ನನ್ನ ಹೊಲಿಗೆ!

"ಏನೋ ಆಯ್ತು?" ಎಂದು ಪಿಸ್ತೂಲಿನ ಹುಡುಗ ಒದರಿದ. ನನ್ನ ಮುಖ ನೋಡಿದ. ಅವನ ಕಣ್ಣರಳಿತು. "ಏಯ್, ಇವಳೇ ಕಣೋ ವಿಡಿಯೊ ಅಜ್ಜಿ! ಎಲ್ಲಿದೆ ಹೇಳೇ ಮುದುಕಿ, ಎಲ್ಲಿದೆ ಗುಂಡಿ?"

ಪಿಸ್ತೂಲು ನನ್ನ ಪಕ್ಕೆಗೆ ಒತ್ತಿತು. ಹೇಳಿದರೆ ಎಂಜಿನ್ ಹತ್ತಿಕೊಳ್ಳುತ್ತದೆ, ಮಗು ಒಳಗಿದೆ. ಹೇಳದಿದ್ದರೆ ಇವನ ಬೆರಳು ಟ್ರಿಗರಿನ ಮೇಲಿದೆ, ಅದು ನಡುಗುತ್ತಲೂ ಇದೆ.

"ಮಗು ಇಳೀಲಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇಳೀಲಿ, ಹೇಳ್ತೀನಿ."

"ಈಗ ಹೇಳೇ!"

"ಇಳೀಲಿ ಅಂದೆ!"

ಅವನು ಪಿಸ್ತೂಲೆತ್ತಿ ನನ್ನ ಕಿವಿಯ ಮೇಲೆ ಬಾರಿಸಿದ. ಕಣ್ಣು ಕತ್ತಲೆ ಬಂತು. ಡಬ್ಬಿ ಮಾತ್ರ ಬಿಡಲಿಲ್ಲ ನಾನು, ಯಾಕೆಂದು ಕೇಳಬೇಡಿ.

"ತಡಿಯೋ. ಮಗು ಇಳೀಲಿ." ಹೇಳಿದವನು ಹೆಲ್ಮೆಟ್‌ನವನು. ಅವನು ಹಿಂದೆ ತಿರುಗಿ ಪಿಲಾರಳನ್ನು ನೋಡುತ್ತಿದ್ದ. ಯಾನಿನಾ ಹಲ್ಲಿನಿಂದ ದಾರ ಕಡಿದು ಬಕಲು ಬಿಚ್ಚಿದಳು, ಮಗುವನ್ನು ಎಳೆದುಕೊಂಡು ಅಂಗಡಿಯ ಗೋಡೆಗೆ ಒರಗಿ ಕುಸಿದಳು. ಪಿಲಾರಳ ಒಂದು ಚಪ್ಪಲಿ ಸೀಟಿನ ಮೇಲೆಯೇ ಉಳಿಯಿತು.

ಈಗ ಹೇಳೋಣವೆಂದು ಬಾಯಿ ತೆರೆದೆ. ಹೇಳಬೇಕಾಗಲಿಲ್ಲ. ಅವನು ಹೆಲ್ಮೆಟ್ಟಿನ ಗಾಜು ಅರ್ಧ ಏರಿಸಿ ನನ್ನ ಕಡೆ ನೋಡಿದ. ಅಲ್ಲಿ ಕಂಡದ್ದು ಎರಡು ಕಣ್ಣು, ನರೆತ ಹುಬ್ಬು.

"ಸೂಜಿ ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ ನಾನು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಬೇಜಾರಾದವನ ಹಾಗಿತ್ತು.

ಎಡಗೈ ಕೆಳಗೆ ಬಿಟ್ಟ. ಹುಡುಕಲಿಲ್ಲ. ಬೆರಳು ಸೀದಾ ಪೈಪಿಂಗಿನ ಆ ಅವರೆಕಾಳಿನ ಮೇಲೆ ಹೋಗಿ ಕೂತಿತು. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಹುಡುಗ ಓಡಿ ಹೋಗಿ ಬೈಕು ಹತ್ತಿದ.

ಊರೆಲ್ಲ ನನ್ನನ್ನು ಕರೆಯುವುದು ವಿಡಿಯೊ ಅಜ್ಜಿ ಎಂದು. ಸೂಜಿ ಎನ್ನುವವರು ಕಟ್ಟೆಯವರು ಮಾತ್ರ. ಅದು ತಲೆಗೆ ಹೊಕ್ಕುವಷ್ಟರಲ್ಲಿ ಬೆಣ್ಣೆ ಬಣ್ಣದ ನನ್ನ ಕಾರು ಬೀದಿಯ ತಿರುವಿನಲ್ಲಿತ್ತು. ಕಿವಿಯಿಂದ ಇಳಿದ ರಕ್ತ ಕಾಲರಿನೊಳಗೆ ಹರಿಯುತ್ತಿತ್ತು. ಮಗು ಬದುಕಿತು, ಮಗು ಬದುಕಿತು ಎಂದು ಒಂದೇ ಸಮ ಅಂದುಕೊಳ್ಳುತ್ತಿದ್ದೆ.

ತಿರುವಿನಲ್ಲಿ ಅವನು ಹಾರ್ನ್ ಹೊಡೆದ. ಎರಡು ಗಿಡ್ಡ, ಒಂದು ಉದ್ದ.

ಬೀದಿಯ ಜನ ಓಡಿ ಬಂದು ಸುತ್ತುವರಿದರು. ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದರು, ಯಾರೋ ಕುರ್ಚಿ ತಂದರು. ಯಾನಿನಾ ಮಾತ್ರ ಗೋಡೆಯ ಬಳಿಯಿಂದ, ಮಗುವನ್ನು ಎದೆಗವಚಿಕೊಂಡು, ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದಳು.

"ಅಮ್ಮಾ, ಯಾರಿಗೆ ಕೈ ಎತ್ತಿದೀಯ?"

ಆಗ ನೋಡಿಕೊಂಡೆ. ನನ್ನ ಬಲಗೈ ತಲೆಯ ಮೇಲಕ್ಕೆ ಎದ್ದು ನಿಂತಿತ್ತು, ಬೆರಳುಗಳು ಬಿಡಿಸಿಕೊಂಡು.

"ನಿಂಗೆ ಗೊತ್ತಿರೋರಾ ಅವರು?"

ಇಲ್ಲ ಎನ್ನಲು ನನಗೆ ಆಗಲಿಲ್ಲ.